ಗಾಳಿಯ ದಾರಿ, ಸದ್ದಿನ ಲೆಕ್ಕ

ಕಂಪ್ಯೂಟರು ಗೋಡೆಯ ಪ್ಲಗ್ಗಿನಿಂದ ಎಳೆಯುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಪತ್ರ ಟೈಪ್ ಮಾಡಿದರೂ ಅಷ್ಟೆ, ವಿಡಿಯೊ ಎಡಿಟ್ ಮಾಡಿದರೂ ಅಷ್ಟೆ. 300 ವಾಟ್ ಒಳಗೆ ಹೋದರೆ 300 ವಾಟ್ ಬಿಸಿ ಕೋಣೆಗೆ ಸೇರುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ, ಡೆಸ್ಕ್‌ಟಾಪ್ ತಂಪಾಗಿಡುವ ಬಗ್ಗೆ ಅಂಗಡಿಯಲ್ಲಿ ಕೇಳಿಬರುವ ಅನೇಕ ಮಾತುಗಳ ಬೆರಗು ತಾನಾಗಿಯೇ ಇಳಿಯುತ್ತದೆ. ನೀರು ಹರಿಯುವ ರೇಡಿಯೇಟರ್ ಆಗಲಿ, ಲೋಹದ ಹೀಟ್‌ಸಿಂಕ್ ಆಗಲಿ, ಬಿಸಿಯನ್ನು ಇಲ್ಲವಾಗಿಸುವುದಿಲ್ಲ. ಚಿಪ್ಪಿನ ಬಳಿ ಇದ್ದದ್ದನ್ನು ಎತ್ತಿ ಗಾಳಿಯ ಕೈಗೆ ಕೊಡುತ್ತವೆ. ಅದನ್ನು ಹೊತ್ತು ಹೊರಗೆ ಹೋಗಬೇಕಾದದ್ದು ಗಾಳಿ. ದಾರಿ ಇದ್ದರೆ ಅದು ಸದ್ದಿಲ್ಲದೆ ಹೋಗುತ್ತದೆ. ಇಲ್ಲದಿದ್ದರೆ ಫ್ಯಾನುಗಳು ಜೋರಾಗಿ ತಿರುಗಿ ಅದನ್ನು ದಬ್ಬಬೇಕು.

ಈ ಸದ್ದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಕಂಪ್ಯೂಟರಿಗೆಂದು ಬೇರೆ ಕೋಣೆ ಇರುವುದಿಲ್ಲ. ಹಾಲಿನ ಮೂಲೆಯಲ್ಲೋ ಮಲಗುವ ಕೋಣೆಯಲ್ಲೋ ಅದಕ್ಕೆ ಜಾಗ. ಅದರ ಮುಂದೆ ಕೂತು ಒಬ್ಬರು ಆನ್‌ಲೈನ್ ಪಾಠ ರೆಕಾರ್ಡ್ ಮಾಡುತ್ತಾರೆ, ಒಬ್ಬರು ಕಥೆ ಓದಿ ಆಡಿಯೊ ಪುಸ್ತಕ ಸಿದ್ಧಪಡಿಸುತ್ತಾರೆ, ಇನ್ನೊಬ್ಬರು ಪರದೇಶದ ಹಗಲಿಗೆ ಹೊಂದಿಕೊಂಡು ರಾತ್ರಿಯಿಡೀ ದುಡಿಯುತ್ತಾರೆ. ಅದೇ ಕೋಣೆಯಲ್ಲಿ ಮಗು ಮಲಗಿರುತ್ತದೆ. ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನಿನ ಸದ್ದು ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಅದನ್ನು ಆರಿಸಿದಾಗ ಕ್ಯಾಬಿನೆಟ್ಟಿನೊಳಗಿನ ಗುಂಯ್ ಸದ್ದು ಒಂದೇ ಸಮನೆ ಕಿವಿಗೆ ಬೀಳತೊಡಗುತ್ತದೆ. ರೂಢಿಯಾಗಿದೆ ಎನ್ನುವವರಿಗೂ ಅದು ನಿಂತ ಕ್ಷಣ ತಲೆ ಹಗುರಾಗುತ್ತದೆ. ಹಾಗಾಗುವುದಾದರೆ ಅಷ್ಟು ಹೊತ್ತು ಅದು ದಣಿಸುತ್ತಲೇ ಇತ್ತು ಎಂದು ತಾನೆ?

ಫ್ಯಾನು ಕೊಳ್ಳಲು ಹೊರಡುವ ಮುಂಚೆ ಟೇಬಲ್ಲಿನ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. ನಮ್ಮಲ್ಲಿ ಮಾರುವ ಎಷ್ಟೋ ಕಂಪ್ಯೂಟರ್ ಟೇಬಲ್ಲುಗಳಲ್ಲಿ ಕಾಲಿನ ಪಕ್ಕ ಕ್ಯಾಬಿನೆಟ್ ಇಡಲು ಒಂದು ಗೂಡು ಮಾಡಿರುತ್ತಾರೆ. ಅಕ್ಕಪಕ್ಕ ಪ್ಲೈವುಡ್, ಹಿಂದೆ ಗೋಡೆ, ಕೆಲವದಕ್ಕೆ ಮುಂದೆ ಬಾಗಿಲು ಬೇರೆ. ಹಿಂಬದಿಯಿಂದ ಹೊರಬಿದ್ದ ಬಿಸಿಗಾಳಿ ಹೋಗಲು ಎಡೆಯಿಲ್ಲದೆ ಸುತ್ತಿಕೊಂಡು ಮತ್ತೆ ಮುಂದಿನಿಂದ ಒಳಗೇ ಬರುತ್ತದೆ. ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಬಿಸಿಯಾಯಿತೋ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೇರುತ್ತದೆ. ಅದಕ್ಕೆ ಉತ್ತರವಾಗಿ ಫ್ಯಾನುಗಳ ವೇಗ ಏರುತ್ತದೆ, ಸದ್ದೂ ಏರುತ್ತದೆ. ಆ ಗೂಡಿನಿಂದ ಕ್ಯಾಬಿನೆಟ್ಟನ್ನು ಹೊರಗೆ ಎಳೆದು, ಗೋಡೆಯಿಂದ ಒಂದು ಗೇಣಾದರೂ ದೂರ ಇಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ದುಬಾರಿ ರೇಡಿಯೇಟರ್ ಹಾಕಿಸಿ ಮತ್ತೆ ಅದೇ ಗೂಡಿಗೆ ತುರುಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಷ್ಟು ಗಾಳಿ ಬೇಕು ಎಂಬುದಕ್ಕೆ ಲೆಕ್ಕವಿದೆ. 300 ವಾಟ್ ಬಿಸಿಯನ್ನು ಹೊರಗೊಯ್ಯುವ ಗಾಳಿ ಒಳಬಂದದ್ದಕ್ಕಿಂತ 10 ಡಿಗ್ರಿ ಮಾತ್ರ ಬಿಸಿಯಾಗಬೇಕು ಎಂದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹರಿದರೆ ಸಾಕು. ದಾರಿ ಬಿಚ್ಚಿದ್ದರೆ 120 ಮಿಲಿಮೀಟರಿನ ಎರಡು ಮೂರು ಫ್ಯಾನುಗಳು ನಿಧಾನವಾಗಿ ತಿರುಗುತ್ತಲೇ ಇದನ್ನು ಮಾಡುತ್ತವೆ. ನಿಧಾನ ಎಂಬುದೇ ಇಲ್ಲಿ ಮುಖ್ಯ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಈಗ ಅಂಥದೇ ಎರಡನೆಯ ಫ್ಯಾನನ್ನು ಪಕ್ಕದಲ್ಲಿ ಅದೇ ಅರ್ಧ ವೇಗದಲ್ಲಿ ಓಡಿಸಿ. ಗಾಳಿ ಮೊದಲಿನಷ್ಟೇ ಆಯಿತು; ಎರಡು ಸಮನಾದ ಸದ್ದುಗಳು ಕೂಡಿದಾಗ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಒಟ್ಟು ಲಾಭ 12 ಡೆಸಿಬೆಲ್. ಒಂದು ಫ್ಯಾನು ಜೋರಾಗಿ ಓಡುವುದಕ್ಕಿಂತ ಎರಡು ಮೆಲ್ಲಗೆ ಓಡುವುದು ಮೇಲು ಎನ್ನುವುದರ ಹಿಂದಿರುವ ಗಣಿತ ಇಷ್ಟೇ. 120ರ ಬದಲು 140 ಮಿಲಿಮೀಟರಿನದು ಹಿಡಿಸುವಂತಿದ್ದರೆ ಇನ್ನೂ ಒಳ್ಳೆಯದು. ಅದರ ಬಾಯಿ ಸುಮಾರು 36 ಪ್ರತಿಶತ ದೊಡ್ಡದು. ಅಷ್ಟೇ ಗಾಳಿಗೆ ಇನ್ನೂ ಕಡಿಮೆ ವೇಗ ಸಾಕು.

ಆದರೆ ಈ ಲೆಕ್ಕ ಸರಿಹೋಗುವುದು ಎದುರು ತಡೆಯಿಲ್ಲದಾಗ ಮಾತ್ರ. ಒಂದು ಕೋಣೆಗೆ ಒಂದೇ ಕಿಟಕಿ ತೆರೆದರೆ ಗಾಳಿ ಆಡುವುದಿಲ್ಲ, ಎದುರು ಕಿಟಕಿಯನ್ನೂ ತೆರೆಯಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕ್ಯಾಬಿನೆಟ್ಟಿಗೂ ಅದೇ ನ್ಯಾಯ. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ ಎಂಬುದು ನಿಜವೇ ಆದರೂ ಫ್ಯಾನಿರುವ ಕಡೆ ಅದರ ಬಲ ಲೆಕ್ಕಕ್ಕಿಲ್ಲ. ಫ್ಯಾನು ಎತ್ತ ಮುಖ ಮಾಡಿದೆಯೋ ಗಾಳಿ ಅತ್ತ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳ ಮುಂದೆ ನಿಂತರೆ ಮುಂಭಾಗಕ್ಕೆ ಪೂರಾ ಗಾಜು ಹಾಕಿದ, ಬಣ್ಣಬಣ್ಣದ ದೀಪದ ಫ್ಯಾನುಗಳಿರುವ ಕ್ಯಾಬಿನೆಟ್ಟುಗಳು ಕಣ್ಣು ಸೆಳೆಯುತ್ತವೆ. ನೋಡಲು ಚೆಂದ. ಆದರೆ ಮುಂದಿನ ಫ್ಯಾನುಗಳು ಗಾಜಿನ ಅಂಚಿನ ಸಣ್ಣ ಸಂದಿಯಿಂದಲೇ ಉಸಿರೆಳೆಯಬೇಕಾದಲ್ಲಿ ಗಾಳಿ ಕಡಿಮೆಯಾಗುತ್ತದೆ, ಸದ್ದು ಹೆಚ್ಚುತ್ತದೆ. ಫ್ಯಾನಿನ ಹಿಂದೆ ಇರುವ ತಡೆಗಿಂತ ಅದು ಗಾಳಿ ಎಳೆಯುವ ಬದಿಯಲ್ಲಿರುವ ತಡೆ ಹೆಚ್ಚು ಸದ್ದು ಹುಟ್ಟಿಸುತ್ತದೆ. ಕದಡಿದ ಗಾಳಿ ರೆಕ್ಕೆಗಳಿಗೆ ಬಡಿಯುವುದೇ ಕಾರಣ. ಮುಂಭಾಗಕ್ಕೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ಟನ್ನೇ ಆರಿಸಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದೇ ಕಾರಣಕ್ಕೆ.

ಸದ್ದು ಮತ್ತು ಬಿಸಿಯ ಈ ಜಗಳ ಹೊಸದಲ್ಲ. 1980ರಲ್ಲಿ ಬಂದ ಆಪಲ್ 3 ಕಂಪ್ಯೂಟರಿಗೆ ಫ್ಯಾನೇ ಬೇಡವೆಂದು ಸ್ಟೀವ್ ಜಾಬ್ಸ್ ಪಟ್ಟು ಹಿಡಿದರು. ಫ್ಯಾನಿನ ಕಿರಿಕಿರಿ ಅವರಿಗೆ ಸಹಿಸುತ್ತಿರಲಿಲ್ಲ. ಬಿಸಿ ಹೋಗಲು ಲೋಹದ ತಳವೇ ಗತಿಯಾಗಿ, ಆ ಯಂತ್ರ ಬಿಸಿಯ ತೊಂದರೆಗೆ ಹೆಸರಾಯಿತು. ಅದೇ ಕಂಪನಿ 2003ರಲ್ಲಿ ಪವರ್ ಮ್ಯಾಕ್ ಜಿ5 ತಂದಾಗ ಒಳಗನ್ನು ನಾಲ್ಕು ವಲಯಗಳಾಗಿ ಬೇರ್ಪಡಿಸಿ ಒಂಬತ್ತು ಫ್ಯಾನುಗಳನ್ನು ಕೂರಿಸಿತು. ಪ್ರತಿ ವಲಯಕ್ಕೂ ಅದರದೇ ಗಾಳಿ, ಅಗತ್ಯ ಬಿದ್ದಷ್ಟೇ ವೇಗ. ಫ್ಯಾನು ಒಂಬತ್ತಾದದ್ದೇ ಸದ್ದು ಇಳಿಸಲು ನೆರವಾಯಿತು. ಇಂಟೆಲ್ ಕೂಡ 2003ರಲ್ಲಿ, ಮುಂದಿನಿಂದ ಬಂದ ಗಾಳಿ ನೇರವಾಗಿ ಪ್ರೊಸೆಸರಿನ ಮೇಲೆ ಹಾದುಹೋಗುವಂಥ ಬಿಟಿಎಕ್ಸ್ ಎಂಬ ವಿನ್ಯಾಸವನ್ನು ಮುಂದಿಟ್ಟು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಇವತ್ತಿಗೂ ನಾವು ಕೊಳ್ಳುವ ಹೆಚ್ಚಿನ ಡೆಸ್ಕ್‌ಟಾಪುಗಳು 1995ರ ಎಟಿಎಕ್ಸ್ ಮಾದರಿಯನ್ನೇ ಅನುಸರಿಸುತ್ತವೆ. ಅದನ್ನು ರೂಪಿಸಿದ ಕಾಲದಲ್ಲಿ 450 ವಾಟಿನ ಗ್ರಾಫಿಕ್ಸ್ ಕಾರ್ಡನ್ನು ಯಾರೂ ಕಂಡಿರಲಿಲ್ಲ. ಗಾಳಿಯ ದಾರಿಯನ್ನು ಹೊಂದಿಸುವ ಕೆಲಸ ಹಾಗಾಗಿ ಕಂಪ್ಯೂಟರ್ ಜೋಡಿಸುವವರ ಪಾಲಿಗೆ ಬಂದಿದೆ.

ಪ್ರೊಸೆಸರಿನ ಬಿಸಿ ಹೊತ್ತ ನೀರು ಹರಿಯುವ ರೇಡಿಯೇಟರನ್ನು ಎಲ್ಲಿ ಕೂರಿಸಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮುಂದೆ ಕೂರಿಸಿದರೆ ಪ್ರೊಸೆಸರಿಗೆ ಕೋಣೆಯ ತಂಪು ಗಾಳಿ ಸಿಗುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ರೇಡಿಯೇಟರ್ ಕಾಯಿಸಿದ ಗಾಳಿ ಸಿಗುತ್ತದೆ. ಮೇಲೆ ಕೂರಿಸಿದರೆ ಕಾರ್ಡಿನ ಬಿಸಿ ಹೊತ್ತ ಗಾಳಿ ರೇಡಿಯೇಟರಿನ ಮೂಲಕ ಹೊರಗೆ ಹೋಗುತ್ತದೆ. ಇದನ್ನು ಬರೀ ಪ್ರೊಸೆಸರಿನ ಡಿಗ್ರಿ ನೋಡಿ ತೀರ್ಮಾನಿಸಿದರೆ ಮುಂಭಾಗವೇ ಗೆಲ್ಲುತ್ತದೆ. ನಾನು ನೋಡುವುದು ಸದ್ದನ್ನು. ಭಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಹೆಚ್ಚು ಬಿಸಿ ಕಾರುವುದು ಅದೇ. ಅದರ ಫ್ಯಾನುಗಳು ಚಿಕ್ಕವು, ವೇಗ ಏರಿದರೆ ಮೊದಲು ಕೇಳಿಸುವುದೂ ಅವೇ. ಆ ಕಾರ್ಡಿಗೆ ತಂಪು ಗಾಳಿ ಮೊದಲು ಸಿಗಲಿ, ಪ್ರೊಸೆಸರಿನ ರೇಡಿಯೇಟರ್ ಮೇಲ್ಗಡೆ ಹೊರಮುಖವಾಗಿರಲಿ ಎಂಬುದು ನನ್ನ ನಿಲುವು. ಪ್ರೊಸೆಸರ್ ನಾಲ್ಕಾರು ಡಿಗ್ರಿ ಹೆಚ್ಚು ಬಿಸಿಯಾದೀತು. 95 ಡಿಗ್ರಿಯವರೆಗೂ ಕೆಲಸ ಮಾಡುವಂತೆ ರೂಪಿಸಿದ ಚಿಪ್ಪಿಗೆ ಅದೇನೂ ಅಪಾಯವಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಕೆಲಸವೇ ಇಲ್ಲದ, ಪ್ರೊಸೆಸರೊಂದೇ ದುಡಿಯುವ ಯಂತ್ರವಾದರೆ ಮುಂಭಾಗದಲ್ಲೇ ಇಡಬಹುದು.

ಎಲ್ಲಿಟ್ಟರೂ ಒಂದು ನಿಯಮ ಮೀರುವಂತಿಲ್ಲ. ನೀರನ್ನು ಸುತ್ತಿಸುವ ಪಂಪ್ ಇರುವ ಜಾಗಕ್ಕಿಂತ ರೇಡಿಯೇಟರಿನ ಮೇಲ್ತುದಿ ಎತ್ತರದಲ್ಲಿರಬೇಕು. ಮುಚ್ಚಿದ ಕೊಳವೆಯೊಳಗೂ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ, ಕಾಲ ಕಳೆದಂತೆ ಹೆಚ್ಚುತ್ತದೆ. ಅದು ಅತಿ ಎತ್ತರದ ಕಡೆ ಹೋಗಿ ಸೇರುತ್ತದೆ. ಆ ಎತ್ತರದಲ್ಲಿ ಪಂಪ್ ಇದ್ದರೆ ಗುಳುಗುಳು ಸದ್ದು ಶುರು, ಪಂಪಿನ ಆಯಸ್ಸಿಗೂ ಕುತ್ತು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಇನ್ನೊಂದು ವಿಷಯ ರೇಡಿಯೇಟರಿನ ತಗಡುಗಳದು. ದಪ್ಪಗಿದ್ದು ತಗಡುಗಳು ಒತ್ತೊತ್ತಾಗಿದ್ದರೆ ಗಾಳಿಯನ್ನು ತೂರಿಸಲು ಒತ್ತಡ ಬೇಕು, ಒತ್ತಡಕ್ಕೆ ವೇಗ ಬೇಕು. ಸದ್ದು ಬೇಡದವರಿಗೆ ತೆಳ್ಳಗಿನ, ಅಗಲವಾದ, ತಗಡುಗಳ ನಡುವೆ ಎಡೆ ಇರುವ ರೇಡಿಯೇಟರೇ ಒಪ್ಪುತ್ತದೆ. ಸಾಧಾರಣ ಪ್ರೊಸೆಸರಿಗಾದರೆ ರೇಡಿಯೇಟರೇ ಬೇಕಿಲ್ಲ. ದೊಡ್ಡ ಹೀಟ್‌ಸಿಂಕಿಗೆ ನಿಧಾನದ ಫ್ಯಾನು ಸಾಕು. ಅದಕ್ಕೆ ಪಂಪಿನ ಸದ್ದಿಲ್ಲ, ಸೋರುವ ಭಯವಿಲ್ಲ.

ನೀರಿನ ನಿಜವಾದ ಗುಣ ಬೇರೆಯೇ ಇದೆ, ಅದನ್ನು ಬಹಳ ಜನ ಬಳಸಿಕೊಳ್ಳುವುದಿಲ್ಲ. ಅದು ನಿಧಾನವಾಗಿ ಕಾಯುತ್ತದೆ. ಒಂದು ಲೀಟರ್ ನೀರಿಗೆ 200 ವಾಟ್ ಬಿಸಿ ಸೇರುತ್ತಿದ್ದರೆ, ಹೊರಗೆ ಏನೂ ಹೋಗದಿದ್ದರೂ, 1 ಡಿಗ್ರಿ ಏರಲು ಸುಮಾರು 20 ಸೆಕೆಂಡ್ ಬೇಕು. ಪ್ರೊಸೆಸರ್ ಚಿಪ್ಪಾದರೋ ಒಂದು ಫೈಲ್ ತೆರೆದರೂ ಒಂದೆರಡು ಸೆಕೆಂಡಿನಲ್ಲಿ 20 ಡಿಗ್ರಿ ಹಾರಿ ಮತ್ತೆ ಇಳಿದುಬಿಡುತ್ತದೆ. ರೇಡಿಯೇಟರಿನ ಫ್ಯಾನುಗಳನ್ನು ಚಿಪ್ಪಿನ ಬಿಸಿಗೆ ಕಟ್ಟಿಹಾಕಿದರೆ ಅವು ಕ್ಷಣಕ್ಕೊಮ್ಮೆ ಏರುತ್ತ ಇಳಿಯುತ್ತ ಇರುತ್ತವೆ. ಒಂದೇ ಸಮನೆ ಕೇಳುವ ಮೆಲುಸದ್ದನ್ನು ಕಿವಿ ಬಿಟ್ಟುಕೊಟ್ಟೀತು, ಈ ಏರಿಳಿತವನ್ನು ಬಿಡುವುದಿಲ್ಲ. ನೀರಿನ ಬಿಸಿ ಅಳೆಯುವ ಸೆನ್ಸರ್ ಇದ್ದರೆ ಫ್ಯಾನಿನ ವೇಗವನ್ನು ಅದಕ್ಕೆ ಜೋಡಿಸಬೇಕು. ಇಲ್ಲದಿದ್ದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಫ್ಯಾನುಗಳು ಕೆಲವು ಸೆಕೆಂಡ್ ತಡೆದು ವೇಗ ಬದಲಿಸುವಂತೆ ಹೊಂದಿಸಬಹುದು. ಅಕ್ಕಪಕ್ಕದ ಎರಡು ಫ್ಯಾನುಗಳು ನಿಮಿಷಕ್ಕೆ 1000 ಮತ್ತು 1020 ಸುತ್ತು ಹೀಗೆ ಕೂದಲೆಳೆ ವ್ಯತ್ಯಾಸದಲ್ಲಿ ತಿರುಗಿದರೂ ಸದ್ದು ಉಬ್ಬಿ ತಗ್ಗಿ ಕೇಳುತ್ತದೆ. ಒಂದರ ವೇಗವನ್ನು ಸಾಕಷ್ಟು ಇಳಿಸಿದರೆ ಅದು ಮಾಯ.

ಹುಟ್ಟದೇ ಇರುವ ಬಿಸಿಯನ್ನು ಹೊರಹಾಕುವ ಕೆಲಸವೂ ಇಲ್ಲ. ಇಂಟೆಲ್‌ನ ಐ9-14900ಕೆ ಪ್ರೊಸೆಸರ್ 253 ವಾಟ್‌ವರೆಗೂ ಎಳೆಯಬಲ್ಲದು. ಆ ಮಿತಿಯನ್ನು ಬಯಾಸ್‌ನಲ್ಲಿ 125ಕ್ಕೆ ಇಳಿಸಿದರೆ ಬಿಸಿ ಅರ್ಧವಾಗುತ್ತದೆ, ಕೆಲಸದ ವೇಗ ಅರ್ಧವಾಗುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಕುಗ್ಗುತ್ತದೆ. ಕೊನೆಯ ಚೂರು ವೇಗಕ್ಕಾಗಿ ಚಿಪ್ಪುಗಳು ಸುಡುವ ವಿದ್ಯುತ್ ಅಷ್ಟು ವಿಪರೀತ.

ಇನ್ನುಳಿದದ್ದು ನಮ್ಮ ಹವೆ ಮತ್ತು ಧೂಳು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಂಪು ಮಾಡಲಾರದು. 22 ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್, ರಾಯಚೂರಿನ ಬೇಸಿಗೆಯ 38 ಡಿಗ್ರಿಯ ಕೋಣೆಯಲ್ಲಿ ಅದೇ ಫ್ಯಾನಿನ ವೇಗಕ್ಕೆ 86ರ ಆಸುಪಾಸಿಗೆ ಬರುತ್ತದೆ. ತಂಪು ದೇಶದ ವಿಮರ್ಶೆ ಓದಿ ಕೊಳ್ಳುವವರು ಈ ವ್ಯತ್ಯಾಸವನ್ನು ಕೂಡಿಸಿಕೊಳ್ಳಬೇಕು. ಬಯಲುಸೀಮೆಯ ಕೆಂಧೂಳಿಗೆ ಒಂದು ಉಪಾಯವಿದೆ. ಒಳಗೆ ತಳ್ಳುವ ಗಾಳಿ ಹೊರಗೆ ಎಳೆಯುವುದಕ್ಕಿಂತ ತುಸು ಹೆಚ್ಚಿರಲಿ, ಒಳಬರುವ ಕಡೆಗೆಲ್ಲ ಫಿಲ್ಟರ್ ಇರಲಿ. ಆಗ ಸಂದಿಗೊಂದಿಗಳಿಂದ ಗಾಳಿ ಹೊರಕ್ಕೇ ನುಸುಳುತ್ತದೆ, ಧೂಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಇಷ್ಟು ಹೊತ್ತು ಹೇಳಿದ ಲೆಕ್ಕವೆಲ್ಲ ತಲೆಕೆಳಗು. ಸುಗ್ಗಿ ಕಳೆದ ಧೂಳಿನ ದಿನಗಳಲ್ಲಿ ತಿಂಗಳಿಗೊಮ್ಮೆಯಾದರೂ ಬಿಚ್ಚಿ ತೊಳೆದು, ಪೂರಾ ಒಣಗಿಸಿ ಹಾಕಬೇಕು. ಫ್ಯಾನಿನ ವೇಗವನ್ನು ಹೊಂದಿಸುವುದಾದರೆ ಮೇ ತಿಂಗಳ ಒಂದು ಮಧ್ಯಾಹ್ನ ಆರಿಸಿಕೊಳ್ಳಿ. ಯಂತ್ರಕ್ಕೆ ಅದು ದಿನಾ ಮಾಡುವ ಅತಿ ಭಾರದ ಕೆಲಸ ಕೊಟ್ಟು, ಅರ್ಧ ಗಂಟೆ ಓಡಲು ಬಿಟ್ಟು, ಬಿಸಿ ಹತೋಟಿಯಲ್ಲಿ ಉಳಿಯುವ ಅತಿ ಕಡಿಮೆ ವೇಗ ಯಾವುದೆಂದು ಒಂದೊಂದೇ ಮೆಟ್ಟಿಲು ಇಳಿಸುತ್ತ ನೋಡಿ. ಆ ದಿನ ತಡೆದುಕೊಂಡ ವೇಗ ವರ್ಷದ ಉಳಿದ ದಿನಗಳಿಗೆ ಧಾರಾಳವಾಗಿ ಸಾಕು.