ನಾನೇನೂ ಮುಟ್ಟಿಲ್ಲ

ತಿಂಗಳ ಎರಡನೇ ಮಂಗಳವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ ಆಗುವ ಹೊತ್ತಿಗೆ ಬೆಂಗಳೂರಿನ ಬಹುಪಾಲು ಲ್ಯಾಪ್‌ಟಾಪ್‌ಗಳು ಬ್ಯಾಗು ಸೇರಿರುತ್ತವೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗಿನ್ನೂ ಬೆಳಗಿನ ಹತ್ತು ಗಂಟೆ. ಮೈಕ್ರೊಸಾಫ್ಟ್ ಕಂಪನಿ ಆ ತಿಂಗಳ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುವ ಸಮಯ ಅದು. 2003ರ ಅಕ್ಟೋಬರ್‌ನಿಂದ ನಡೆದುಬಂದಿರುವ ಈ ಪದ್ಧತಿಯನ್ನು ‘ಪ್ಯಾಚ್ ಟ್ಯೂಸ್‌ಡೇ’ ಎನ್ನುತ್ತಾರೆ. ನಮ್ಮ ಕಡೆ ಅದರ ಫಲ ಕಾಣುವುದು ಬುಧವಾರ ಬೆಳಿಗ್ಗೆ, ಕಿರಿಯ ಡೆವಲಪರ್ ಹುಡುಗನೊಬ್ಬ ಬಂದು ಹೀಗೆನ್ನುವಾಗ:

“ಸರ್, ನಿನ್ನೆ ಸಂಜೆ ತನಕ ಚೆನ್ನಾಗಿ ಓಡ್ತಿತ್ತು. ಈಗ ಎಮ್ಯುಲೇಟರ್ ಸ್ಟಾರ್ಟೇ ಆಗ್ತಿಲ್ಲ. ನಾನೇನೂ ಮುಟ್ಟಿಲ್ಲ.”

ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಕೊನೆಯ ಮಾತನ್ನು ಯಾರೂ ನಂಬುವುದಿಲ್ಲ. ಏನೋ ಮಾಡಿ ಮರೆತಿರಬೇಕು ಎಂದು ಹಿರಿಯರು ಒಳಗೊಳಗೇ ನಗುತ್ತಾರೆ. ಆದರೆ ಎಷ್ಟೋ ಸಲ ಹುಡುಗ ಹೇಳಿದ್ದು ಅಕ್ಷರಶಃ ನಿಜವಿರುತ್ತದೆ. ನಿಜವಿದ್ದರೆ, ಆ ಇಡೀ ಬೆಳಿಗ್ಗೆ ಸಿಕ್ಕುವ ಸುಳಿವುಗಳಲ್ಲೆಲ್ಲ ಅದೇ ದೊಡ್ಡದು.

ಎಮ್ಯುಲೇಟರ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕ್ಲೌಡ್ ಎಂದು ನಾವು ಕರೆಯುವುದು ಎಲ್ಲೋ ದೂರದಲ್ಲಿರುವ ಬೇರೆಯವರ ಕಂಪ್ಯೂಟರುಗಳನ್ನು. ಬಳಸಿದಷ್ಟಕ್ಕೂ ಬಿಲ್ ಬರುತ್ತದೆ. ಬರೆದ ಒಂದೊಂದು ಸಾಲನ್ನೂ ಅಲ್ಲಿಗೇ ಕಳಿಸಿ ಪರೀಕ್ಷಿಸುತ್ತ ಕೂತರೆ ದುಡ್ಡೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಅದಕ್ಕೇ ಕ್ಲೌಡ್‌ನ ಪಾತ್ರ ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ನಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸುತ್ತೇವೆ. ಅಮೆಜಾನ್‌ನ ಸೇವೆಗಳಿಗೆ ಲೋಕಲ್‌ಸ್ಟ್ಯಾಕ್ ಇದೆ. ಮೈಕ್ರೊಸಾಫ್ಟ್‌ನ ಅಜೂರ್ ಸ್ಟೋರೇಜ್‌ಗೆ ಹಿಂದೆ ಸ್ಟೋರೇಜ್ ಎಮ್ಯುಲೇಟರ್ ಇತ್ತು, ಈಗ ಅದರ ಜಾಗದಲ್ಲಿ ಅಜೂರೈಟ್ ಇದೆ. ಅಜೂರೈಟ್ 10000, 10001, 10002 ಎಂಬ ಮೂರು ಪೋರ್ಟ್‌ಗಳಲ್ಲಿ ಕಿವಿಕೊಟ್ಟು ಕೂತಿರುತ್ತದೆ: ಫೈಲುಗಳಿಗೆ ಒಂದು, ಸರದಿಯಲ್ಲಿ ಕಾಯುವ ಸಂದೇಶಗಳಿಗೆ ಒಂದು, ಕೋಷ್ಟಕಗಳಿಗೆ ಒಂದು. ಅದರ ಖಾತೆಯ ಹೆಸರೂ ಗುಪ್ತ ಕೀಲಿಯೂ ಜಗತ್ತಿಗೆಲ್ಲ ಒಂದೇ, ಕೈಪಿಡಿಯಲ್ಲೇ ಅಚ್ಚಾಗಿವೆ. ವಿಳಾಸ 127.0.0.1, ಅಂದರೆ ‘ಲೋಕಲ್‌ಹೋಸ್ಟ್’, ಈ ಯಂತ್ರವೇ. ಸಂದೇಶ ಯಂತ್ರ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ನೆಟ್‌ವರ್ಕ್ ಸಿಗದ ರೈಲಿನಲ್ಲಿ ಕೂತೂ ಕೆಲಸ ಮಾಡಬಹುದು.

ಇಷ್ಟೆಲ್ಲ ಇರುವಾಗ ಎಲ್ಲವೂ ತನ್ನ ಕೈಯಲ್ಲೇ ಇದೆ ಎಂದು ಡೆವಲಪರ್‌ಗೆ ಅನಿಸುವುದು ಸಹಜ. ಆದರೆ ಪೋರ್ಟ್ ತೆರೆಯಬೇಕಾದರೂ, ಡಿಸ್ಕ್‌ಗೆ ಒಂದು ಅಕ್ಷರ ಬರೆಯಬೇಕಾದರೂ ಎಮ್ಯುಲೇಟರ್ ಆಪರೇಟಿಂಗ್ ಸಿಸ್ಟಂನ ಅಪ್ಪಣೆ ಕೇಳಲೇಬೇಕು. ಆ ಅಪ್ಪಣೆಯ ನಿಯಮಗಳು ರಾತ್ರೋರಾತ್ರಿ ಬದಲಾಗಬಹುದು.

2025ರ ಅಕ್ಟೋಬರ್ 14ರಂದು ಆದದ್ದು ಅದೇ. ವಿಂಡೋಸ್ 10ಕ್ಕೆ ಉಚಿತ ಬೆಂಬಲ ಕೊನೆಯಾದ ದಿನವೂ ಹೌದು ಅದು. ಅಂದು ವಿಂಡೋಸ್ 11ಕ್ಕೆ ಬಂದ ಕೆಬಿ5066835 ಎಂಬ ಅಪ್‌ಡೇಟ್ ಹಾಕಿಕೊಂಡ ಅನೇಕ ಯಂತ್ರಗಳಲ್ಲಿ ಲೋಕಲ್‌ಹೋಸ್ಟ್ ಕೈಕೊಟ್ಟಿತು. ತನ್ನ ಯಂತ್ರದಲ್ಲಿ ತಾನೇ ಓಡಿಸುತ್ತಿದ್ದ ವೆಬ್‌ಸೈಟಿಗೆ ತಾನೇ ಹೋಗಲಾರದ ಸ್ಥಿತಿ. ಬ್ರೌಸರ್ ‘ಕನೆಕ್ಷನ್ ರಿಸೆಟ್’ ಎಂದು ಹೇಳಿ ಸುಮ್ಮನಾಗುತ್ತಿತ್ತು. ದೋಷವಿದ್ದದ್ದು ಎಚ್‌ಟಿಟಿಪಿ ಡಾಟ್ ಸಿಸ್ ಎಂಬಲ್ಲಿ, ಅಂದರೆ ವೆಬ್ ಕೋರಿಕೆಗಳನ್ನು ಬರಮಾಡಿಕೊಳ್ಳುವ ವಿಂಡೋಸ್‌ನ ಒಳಭಾಗದಲ್ಲಿ. ವಿಷುವಲ್ ಸ್ಟುಡಿಯೊದಲ್ಲಿ ಐಐಎಸ್ ಎಕ್ಸ್‌ಪ್ರೆಸ್ ಬಳಸಿ ಡೀಬಗ್ ಮಾಡುವವರು ಮೊದಲು ಸಿಕ್ಕಿಬಿದ್ದರು. ದೀಪಾವಳಿಗೆ ವಾರವಷ್ಟೇ ಉಳಿದಿತ್ತು. ರಜೆಗೆ ಮುನ್ನ ಕೆಲಸ ಮುಗಿಸಿ ಊರಿಗೆ ಹೊರಡುವ ಆತುರ ಎಲ್ಲರಿಗೂ.

ಅದರಲ್ಲಿ ಇನ್ನೂ ಒಂದು ತೊಡಕಿತ್ತು. ಅಕ್ಕಪಕ್ಕದ ಎರಡು ಲ್ಯಾಪ್‌ಟಾಪ್‌ಗಳು, ಎರಡಕ್ಕೂ ಅದೇ ಅಪ್‌ಡೇಟ್, ಒಂದು ಓಡುತ್ತದೆ, ಇನ್ನೊಂದು ಓಡುವುದಿಲ್ಲ. ಅಪ್‌ಡೇಟ್ ಯಾವಾಗ ಸೇರಿತು, ಯಂತ್ರ ಯಾವಾಗ ರೀಸ್ಟಾರ್ಟ್ ಆಯಿತು, ಇಂಟರ್ನೆಟ್ ಸಂಪರ್ಕ ಹೇಗಿತ್ತು ಎಂಬುದನ್ನೆಲ್ಲ ಅವಲಂಬಿಸಿ ದೋಷ ಕಾಣಿಸಿಕೊಳ್ಳುತ್ತದೆ ಎಂದು ಆಮೇಲೆ ಮೈಕ್ರೊಸಾಫ್ಟೇ ವಿವರಿಸಿತು. ಕೆಲವೇ ದಿನಗಳಲ್ಲಿ ‘ನೋನ್ ಇಶ್ಯೂ ರೋಲ್‌ಬ್ಯಾಕ್’ ಎಂಬ ವ್ಯವಸ್ಥೆಯ ಮೂಲಕ, ಭದ್ರತಾ ತಿದ್ದುಪಡಿಗಳನ್ನು ಹಾಗೇ ಇಟ್ಟು, ತಪ್ಪಿದ ಆ ಒಂದು ಬದಲಾವಣೆಯನ್ನು ಮಾತ್ರ ದೂರದಿಂದಲೇ ಹಿಂತೆಗೆದುಕೊಂಡಿತು. ಪಕ್ಕದವನ ಯಂತ್ರ ಓಡುತ್ತಿದೆ ಎನ್ನುವ ಒಂದೇ ಕಾರಣಕ್ಕೆ ಈ ನಡುವಿನ ದಿನಗಳಲ್ಲಿ ತನ್ನ ಕೋಡ್‌ನಲ್ಲೇ ತಪ್ಪು ಹುಡುಕುತ್ತ ಕೂತವರು ಎಷ್ಟು ಮಂದಿಯೋ.

ಇದಕ್ಕಿಂತ ಹಳೆಯದಾದ, ಇಂದಿಗೂ ಕಾಡುವ ಮತ್ತೊಂದು ಪ್ರಕರಣವಿದೆ. ಎಮ್ಯುಲೇಟರ್ ಏಳುವಾಗಲೇ ‘ಈ ಸಾಕೆಟ್ ಬಳಸಲು ಅನುಮತಿ ಇಲ್ಲ’ ಎಂಬ ಅರ್ಥದ ಎರರ್ ಕೊಡುತ್ತದೆ. ಬೇರೆ ಯಾವುದೋ ಪ್ರೋಗ್ರಾಂ 10000ನೇ ಪೋರ್ಟನ್ನು ಹಿಡಿದಿರಬೇಕು ಎಂದು ‘ನೆಟ್‌ಸ್ಟ್ಯಾಟ್’ ಹೊಡೆದು ನೋಡಿದರೆ ಅಲ್ಲಿ ಯಾರೂ ಇಲ್ಲ. ಅಡ್ಮಿನ್ ಆಗಿ ಓಡಿಸಿದರೂ ಅದೇ ಎರರ್. ಮಧ್ಯಾಹ್ನ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ ಕತೆ.

ಇದು ಬಸ್ ಸೀಟಿಗೆ ಟವೆಲ್ ಹಾಕಿ ಹೋದಂತೆ. ಸೀಟಿನಲ್ಲಿ ಯಾರೂ ಕೂತಿಲ್ಲ, ಆದರೂ ಖಾಲಿ ಇಲ್ಲ. ಡಾಕರ್, ಡಬ್ಲ್ಯುಎಸ್‌ಎಲ್ ಮುಂತಾದ ಉಪಕರಣಗಳಿಗೆ ಬೇಕಾದ, ಹೈಪರ್-ವಿ ಎಂಬ ವಿಂಡೋಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ ಚಾಲೂ ಇದ್ದರೆ ‘ವಿನ್‌ನ್ಯಾಟ್’ ಎಂಬ ಸೇವೆ ಯಂತ್ರ ಏಳುವಾಗಲೇ ನೂರು ನೂರು ಪೋರ್ಟ್‌ಗಳ ಗುಂಪುಗಳನ್ನು ತನಗೆಂದು ಕಾದಿರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಈ ಕಾದಿರಿಸುವಿಕೆ 49152ರಿಂದ ಮೇಲಿನ ಸಂಖ್ಯೆಗಳಲ್ಲಿ ನಡೆಯುತ್ತದೆ, ಯಾರಿಗೂ ತೊಂದರೆಯಿಲ್ಲ. ಆದರೆ ಅಪ್‌ಡೇಟ್ ಆದಮೇಲೆ ಕೆಲವು ಯಂತ್ರಗಳಲ್ಲಿ ಆ ಗಡಿ 1024ಕ್ಕೆ ಇಳಿದದ್ದುಂಟು. ಆಗ ಟವೆಲ್ ಎಲ್ಲಿ ಬೇಕಾದರೂ ಬೀಳಬಹುದು, ಪ್ರತಿ ರೀಸ್ಟಾರ್ಟ್‌ಗೂ ಬೇರೆ ಬೇರೆ ಕಡೆ ಬೀಳಬಹುದು.

‘ನೆಟ್‌ಶ್’ ಕಮಾಂಡಿಗೆ, ಹೀಗೆ ಕಾದಿರಿಸಿ ಹೊರಗಿಟ್ಟ ಪೋರ್ಟ್‌ಗಳ ಪಟ್ಟಿ ತೋರಿಸು ಎಂದರೆ ಎರಡು ಕಾಲಂಗಳಲ್ಲಿ ಸಂಖ್ಯೆಗಳು ಬರುತ್ತವೆ: ಎಲ್ಲಿಂದ, ಎಲ್ಲಿಯವರೆಗೆ. ಅದರಲ್ಲಿ 9953ರಿಂದ 10052 ಎಂಬಂಥ ಒಂದು ಸಾಲು ಕಂಡರೆ ಮುಗಿಯಿತು, ನಮ್ಮ ಮೂರೂ ಪೋರ್ಟ್‌ಗಳು ಅದರ ಹೊಟ್ಟೆಯೊಳಗಿವೆ. ಪರಿಹಾರ ಎರಡು ನಿಮಿಷದ ಕೆಲಸ. ವಿನ್‌ನ್ಯಾಟ್ ಸೇವೆಯನ್ನು ನಿಲ್ಲಿಸಿ, 10000ದಿಂದ ಮೂರು ಪೋರ್ಟ್‌ಗಳನ್ನು ನಾವೇ ಶಾಶ್ವತವಾಗಿ ಕಾದಿರಿಸಿ, ಸೇವೆಯನ್ನು ಮತ್ತೆ ಎಬ್ಬಿಸಿದರಾಯಿತು. ಎರಡು ನಿಮಿಷದ ಈ ಕೆಲಸಕ್ಕೆ ಮುನ್ನ ಎರಡು ದಿನ ಹಾಳಾಗಿರುತ್ತದೆ ಎಂಬುದೇ ಸಂಕಟ.

ಆಪಲ್ ಬಳಸುವವರಿಗೂ ಇದರಿಂದ ವಿನಾಯಿತಿ ಇಲ್ಲ. 2021ರ ಅಕ್ಟೋಬರ್ 25ರಂದು ಬಂದ ಮ್ಯಾಕ್‌ಒಎಸ್ ಮಾಂಟೆರೇ, ಫೋನಿನ ವಿಡಿಯೊವನ್ನು ಕಂಪ್ಯೂಟರಿನಲ್ಲಿ ತೋರಿಸುವ ಏರ್‌ಪ್ಲೇ ರಿಸೀವರ್‌ಗೆ 5000 ಮತ್ತು 7000ನೇ ಪೋರ್ಟ್‌ಗಳನ್ನು ಕೊಟ್ಟಿತು. ಪೈಥಾನ್‌ನ ಫ್ಲಾಸ್ಕ್ ಆಗಲಿ, ಮನೆಯ ಯಂತ್ರದಲ್ಲೇ ಇಟ್ಟುಕೊಳ್ಳುವ ಡಾಕರ್ ರಿಜಿಸ್ಟ್ರಿ ಆಗಲಿ, ವರ್ಷಗಳಿಂದ ನೆಚ್ಚಿಕೊಂಡಿದ್ದದ್ದು ಆ 5000ವನ್ನೇ. ಇಲ್ಲಿ ಪೋರ್ಟ್ ಮೌನವಾಗಿರಲಿಲ್ಲ, ಉತ್ತರ ಬರುತ್ತಿತ್ತು: ‘403, ಪ್ರವೇಶವಿಲ್ಲ’. ತನ್ನ ಪ್ರೋಗ್ರಾಮೇ ಹೀಗೆ ಹೇಳುತ್ತಿದೆ ಎಂದುಕೊಂಡವನು ಲಾಗಿನ್ ಕೋಡ್ ತಿದ್ದಲು ಕೂರುತ್ತಾನೆ. ಉತ್ತರದ ತಲೆಬರಹವನ್ನು ಸ್ವಲ್ಪ ತಾಳ್ಮೆಯಿಂದ ಓದಿದವನಿಗೆ ಮಾತ್ರ, ಸರ್ವರ್ ಎಂಬ ಸಾಲಿನಲ್ಲಿ ‘ಏರ್‌ಟ್ಯೂನ್ಸ್’ ಎಂದಿರುವುದು ಕಂಡು, ಮಾತಾಡುತ್ತಿರುವವರು ಬೇರೆ ಯಾರೋ ಎಂದು ಹೊಳೆಯುತ್ತದೆ.

ಹಳೆಯ ಸ್ಟೋರೇಜ್ ಎಮ್ಯುಲೇಟರ್‌ನದು ಇನ್ನೂ ಆಳದ ತೊಂದರೆ. ಅದು ನಿಂತಿದ್ದದ್ದು ಲೋಕಲ್‌ಡಿಬಿ ಎಂಬ ಪುಟ್ಟ ಡೇಟಾಬೇಸಿನ ಮೇಲೆ. ವಿಂಡೋಸ್ 11, ಕೆಲವು ಹೊಸ ಡಿಸ್ಕ್‌ಗಳ ಸೆಕ್ಟರ್ ಅಳತೆಯನ್ನು ಇದ್ದದ್ದು ಇದ್ದ ಹಾಗೆ ಹೇಳತೊಡಗಿತು. 4096 ಬೈಟ್‌ಗಿಂತ ದೊಡ್ಡ ಸೆಕ್ಟರ್ ಒಪ್ಪದ ಆ ಡೇಟಾಬೇಸ್ ಏಳಲೇ ಒಲ್ಲೆನೆಂದಿತು. ಯಾರೂ ತಪ್ಪು ಮಾಡಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಮೊದಲಿಗಿಂತ ಹೆಚ್ಚು ನಿಜ ಹೇಳಿತ್ತು, ಅಷ್ಟೇ.

ಈ ಎಲ್ಲ ಪ್ರಕರಣಗಳಲ್ಲೂ ಡೆವಲಪರ್ ಏನನ್ನೂ ಮುಟ್ಟಿರಲಿಲ್ಲ. ಈಗ ಯೋಚಿಸಿ: ಮುಟ್ಟಿಲ್ಲ ಎಂಬುದು ನಿಜವಿರುವಷ್ಟು ಹೊತ್ತು ಹುಡುಕಬೇಕಾದ ಜಾಗ ಎಷ್ಟು ಕಿರಿದು! ನಿನ್ನೆ ಸಂಜೆಗೂ ಇಂದು ಬೆಳಿಗ್ಗೆಗೂ ನಡುವೆ ಬದಲಾದದ್ದು ಯಾವುದು ಎಂಬ ಒಂದೇ ಪ್ರಶ್ನೆ. ಅಪ್‌ಡೇಟ್ ಹಿಸ್ಟರಿಯ ಪುಟ ತೆರೆದರೆ ತಾರೀಕಿನ ಸಮೇತ ಪಟ್ಟಿ ಸಿಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ಯಂತ್ರ ರೀಸ್ಟಾರ್ಟ್ ಆದ ಗಳಿಗೆ ಸಿಗುತ್ತದೆ. ಕೋಡ್ ತೆರೆಯುವ ಅಗತ್ಯವೇ ಬರಲಿಕ್ಕಿಲ್ಲ.

ಆದರೆ ನಾವು ಮಾಡುವುದೇನು? ಎರರ್ ಕಂಡ ಕೂಡಲೇ ಕೈ ಓಡುತ್ತದೆ. ಎಮ್ಯುಲೇಟರ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತೇವೆ. ಬರಲಿಲ್ಲ. ಡಾಕರ್ ಅನ್ನು ಹೊಸ ಆವೃತ್ತಿಗೆ ಏರಿಸುತ್ತೇವೆ. ಬರಲಿಲ್ಲ. ಫೈರ್‌ವಾಲ್ ಆಫ್ ಮಾಡುತ್ತೇವೆ, ಸರ್ಟಿಫಿಕೇಟ್ ಅಳಿಸಿ ಹೊಸದು ಹುಟ್ಟಿಸುತ್ತೇವೆ, ಯಾರೋ ಹೇಳಿದರೆಂದು ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ತಿದ್ದುತ್ತೇವೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಮಸ್ಯೆ ಹಾಗೇ ಇದೆ, ‘ನಾನೇನೂ ಮುಟ್ಟಿಲ್ಲ’ ಎನ್ನುವ ಹಕ್ಕು ಮಾತ್ರ ಕಳೆದುಹೋಗಿದೆ. ಬೆಳಿಗ್ಗೆ ಒಂದೇ ಇದ್ದ ಬದಲಾವಣೆ ಈಗ ಆರಾಗಿದೆ, ಅದರಲ್ಲಿ ಐದು ನಮ್ಮವೇ. ಯಾವುದೋ ಒಂದು ಗಳಿಗೆಯಲ್ಲಿ ಎಲ್ಲ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಹೇಳಲು ಬರುವುದಿಲ್ಲ.

ಮುಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ, ಮುಟ್ಟದೆ ರಿಪೇರಿ ಆಗದು. ನೋಡುವ ಕೆಲಸ ಮುಗಿದ ಮೇಲೆ ಮುಟ್ಟೋಣ. ಒಂದು ಸಲಕ್ಕೆ ಒಂದನ್ನೇ ಮುಟ್ಟೋಣ. ಫಲ ಕಾಣದಿದ್ದರೆ ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗೋಣ. ಇದರಲ್ಲಿ ಜಾಣತನಕ್ಕಿಂತ ಹೆಚ್ಚಾಗಿ ಬೇಕಾದ್ದು, ಏನೂ ಮಾಡದೆ ಅರ್ಧ ಗಂಟೆ ಕೂತು ನೋಡುವ ಧೈರ್ಯ. ಹಿಂದೆ ಮ್ಯಾನೇಜರ್ ನಿಂತು “ಆಯ್ತಾ?” ಎಂದು ಕೇಳುತ್ತಿರುವಾಗ ಆ ಧೈರ್ಯ ಸುಲಭವಲ್ಲ. ಕೈ ಆಡುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ನೋಡುವವರಿಗೂ ಸಮಾಧಾನ, ಮಾಡುವವರಿಗೂ ಸಮಾಧಾನ. ಆದ್ದರಿಂದ ಈ ಶಿಸ್ತು ಕಿರಿಯರಿಗಿಂತ ಮೊದಲು ಹಿರಿಯರಿಗೆ ಬರಬೇಕು. “ಏನು ಮಾಡಿದೆ?” ಎಂದು ಕೇಳಿದರೆ ಹುಡುಗ ತನ್ನನ್ನು ಕಾಪಾಡಿಕೊಳ್ಳುವ ಉತ್ತರ ಕೊಡುತ್ತಾನೆ. “ಏನು ಬದಲಾಯಿತು?” ಎಂದು ಕೇಳಿದರೆ ಇಬ್ಬರೂ ಒಂದೇ ಕಡೆ ಕೂತು ಹುಡುಕಬಹುದು.

ಅಪ್‌ಡೇಟನ್ನೇ ತೆಗೆದುಹಾಕಿಬಿಡೋಣ ಎಂಬ ಆಸೆಯೂ ಬರುತ್ತದೆ. ಕೆಲಸ ನಿಂತಾಗ ಅದು ಅನಿವಾರ್ಯವೂ ಆಗಬಹುದು. ಆದರೆ ಅದರ ಜೊತೆಗೆ ಆ ತಿಂಗಳು ಮುಚ್ಚಿದ್ದ ಭದ್ರತೆಯ ತೂತುಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ ಎಂಬ ಅರಿವಿರಬೇಕು. ಒಂದು ಎಮ್ಯುಲೇಟರ್ ಏಳಲಿ ಎಂದು ಇಡೀ ಯಂತ್ರವನ್ನು ತಿಂಗಳುಗಟ್ಟಲೆ ಅಪಾಯದಲ್ಲಿ ಬಿಡುವುದು ದುಬಾರಿ ರಿಪೇರಿ.

ಕೊನೆಗೊಂದು ಮಾತು, ರಿಪೇರಿ ಆದ ಮೇಲಿನದು. 2025ರ ಅಕ್ಟೋಬರ್‌ನ ಆ ದಿನಗಳಲ್ಲಿ, ರಿಜಿಸ್ಟ್ರಿ ತಿದ್ದಿ, ವೆಬ್ ಸಂವಹನದ ಎಚ್‌ಟಿಟಿಪಿ/2 ನಿಯಮಾವಳಿಯನ್ನೇ ಆಫ್ ಮಾಡಿದರೆ ಲೋಕಲ್‌ಹೋಸ್ಟ್ ಓಡುತ್ತದೆ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿತ್ತು. ಮೂಲ ದೋಷ ಸರಿಹೋದ ಮೇಲೂ ಆ ತಿದ್ದುಪಡಿ ತಾನಾಗಿ ಮರೆಯಾಗುವುದಿಲ್ಲ. ಮಾಡಿದವರು ಕಂಪನಿ ಬಿಡುತ್ತಾರೆ, ಲ್ಯಾಪ್‌ಟಾಪ್ ಹೊಸಬರ ಕೈಗೆ ಹೋಗುತ್ತದೆ. ಎಚ್‌ಟಿಟಿಪಿ/2 ಬೇಕೇಬೇಕಾದ ಪ್ರಾಜೆಕ್ಟ್ ಒಂದು ಆ ಯಂತ್ರದಲ್ಲಿ ಮಾತ್ರ ಓಡದೆ ನಿಲ್ಲುತ್ತದೆ. ಅಪ್‌ಡೇಟ್ ಹಿಸ್ಟರಿಯಲ್ಲಿ ಅದರ ಸುಳಿವಿರುವುದಿಲ್ಲ, ಯಾಕೆಂದರೆ ಈ ಸಲ ಹೇಳದೆ ಕೇಳದೆ ಮುಟ್ಟಿದವರು ನಾವು. ಯಾವ ಅಪ್‌ಡೇಟ್‌ಗಾಗಿ ಏನನ್ನು ತಿದ್ದಿದೆವು, ಅದನ್ನು ಯಾವಾಗ ತೆಗೆಯಬಹುದು ಎಂದು ಪ್ರಾಜೆಕ್ಟಿನ ರೀಡ್‌ಮಿ ಫೈಲಿನಲ್ಲಿ ಒಂದು ಸಾಲು ಬರೆದಿಡುವವರೆಗೆ ರಿಪೇರಿ ಮುಗಿಯಿತು ಎನ್ನಬಾರದು.