ಗೂಢವಾದ ಮಾತೂ ಎಲ್ಲರಿಗೂ ಸೇರಿದ ಸತ್ಯವೂ

ಪೌಲನು ಸಭೆಯ ಹಿರಿಯರನ್ನು ಕರೆಸಿ ಕಡೇ ಬುದ್ಧಿಮಾತು ಹೇಳಿದ ಮಿಲೇತವೂ, ಅವನು ಎರಡು ವರುಷಕ್ಕಿಂತ ಹೆಚ್ಚಾಗಿ ಬೋಧಿಸಿದ ಎಫೆಸವೂ ನಿಮಗೆ ತಿಳಿದ ಪಟ್ಟಣಗಳೇ. ಅಪೊಸ್ತಲರ ಕಾಲಕ್ಕೆ 500ಕ್ಕೂ ಹೆಚ್ಚು ವರುಷಗಳ ಮುಂಚೆ ಆ ಸೀಮೆಯಲ್ಲಿಯೇ ಗ್ರೀಕರ ತತ್ವಜ್ಞಾನವು ಹುಟ್ಟಿತು. ಅದುವರೆಗೆ ಘನವಾದ ಸಂಗತಿಗಳನ್ನು ಪದ್ಯದಲ್ಲಿ ಹೇಳುವದೇ ವಾಡಿಕೆಯಾಗಿತ್ತು. ಮಿಲೇತದ ಅನಾಕ್ಸಿಮಂದರನು ಲೋಕದ ಮೂಲವನ್ನು ಕುರಿತು ಗದ್ಯದಲ್ಲಿ ಬರೆದ ಮೊದಲಿಗರಲ್ಲಿ ಒಬ್ಬನು.

ಕ್ರಿ. ಪೂ. 500ರ ಸುಮಾರಿಗೆ ಎಫೆಸದಲ್ಲಿದ್ದ ಹೆರಾಕ್ಲಿಟಸನೂ ಗದ್ಯವನ್ನೇ ಬರೆದನು. ಆದರೆ ಅದು ಗಾದೆಯಂತೆ ಚಿಕ್ಕದಾಗಿಯೂ ಒಗಟಿನಂತೆ ಕಠಿಣವಾಗಿಯೂ ಇತ್ತು. ಸಮುದ್ರದ ನೀರು ಮೀನಿಗೆ ಜೀವಾಧಾರ, ಮನುಷ್ಯನಿಗೆ ಕೇಡು ಎಂಬಂಥ ದೃಷ್ಟಾಂತಗಳಿಂದ, ಒಂದಕ್ಕೊಂದು ವಿರುದ್ಧವಾದ ಗುಣಗಳು ಒಂದೇ ವಸ್ತುವಿನಲ್ಲಿ ಕೂಡಿರುತ್ತವೆಂದು ತೋರಿಸಿದನು. ಅವನು ತನ್ನ ಗ್ರಂಥವನ್ನು ಅರ್ತೆಮೀ ದೇವಿಯ ಗುಡಿಯಲ್ಲಿ ಇಟ್ಟನೆಂದೂ, ಸಾಮಾನ್ಯರು ತಾತ್ಸಾರಮಾಡದ ಹಾಗೆ ಬೇಕೆಂದೇ ಗೂಢವಾಗಿ ಬರೆದನೆಂದೂ ಪೂರ್ವಿಕರು ಹೇಳುತ್ತಿದ್ದರು. ಆ ಗ್ರಂಥವು ನಷ್ಟವಾಗಿ, ಈಗ ನೂರಕ್ಕೂ ಹೆಚ್ಚು ತುಣುಕುಗಳು ಮಾತ್ರ ಉಳಿದಿವೆ.

ಸತ್ಯವನ್ನು ಹೀಗೆ ಗೂಢವಾಗಿ ಹೇಳುವದು ನ್ಯಾಯವೋ? ಅವನನ್ನು ಕೂಡಲೆ ಖಂಡಿಸಬಾರದು. ನಮ್ಮ ಕರ್ತನೂ ಸಾಮ್ಯಗಳಲ್ಲಿ ಮಾತಾಡಿದನು. ಶಿಷ್ಯರಿಗೂ ಅವು ಒಡನೆ ತಿಳಿಯಲಿಲ್ಲ. ಪ್ರಯಾಸಪಟ್ಟು ತಿಳಿದುಕೊಂಡ ಮಾತು ಮನಸ್ಸಿನಲ್ಲಿ ಬೇರೂರುತ್ತದೆ. ಆದರೆ ಕರ್ತನು ಬೀಜ ಬಿತ್ತುವವನನ್ನೂ ಹಿಟ್ಟಿನಲ್ಲಿ ಹುಳಿ ಕಲಸುವ ಹೆಂಗಸನ್ನೂ ತೋರಿಸಿ ಮಾತಾಡಿದನು. ಕೇಳಿಕೊಂಡವರಿಗೆ ಅರ್ಥವನ್ನು ಬಿಡಿಸಿ ಹೇಳಿದನು. ಹೆರಾಕ್ಲಿಟಸನಾದರೋ ಬಹುಜನರನ್ನು ನಿದ್ರಿಸುವವರಿಗೆ ಹೋಲಿಸಿ ಹಳಿದನು. ಆದಕಾರಣ ಭೇದವು ಮಾತಿನ ಕಾಠಿಣ್ಯದಲ್ಲಿಲ್ಲ. ಕೇಳುವವರ ಮೇಲಣ ಪ್ರೀತಿಯಲ್ಲಿದೆ.

ಅವನ ಉಪದೇಶದಲ್ಲಿ ‘ಲೋಗೊಸ್’ ಎಂಬದು ಮುಖ್ಯವಾದ ಪದ. ಅದು ಎಲ್ಲರಿಗೂ ಸಾಮಾನ್ಯವಾದದ್ದು, ಜನರಾದರೋ ತಮತಮಗೆ ಬೇರೆ ಬೇರೆ ಬುದ್ಧಿಯಿದ್ದಂತೆ ಬದುಕುತ್ತಾರೆಂದು ಅವನು ಬೋಧಿಸಿದನು. ಯೋಹಾನನ ಸುವಾರ್ತೆಯ ಆರಂಭದಲ್ಲಿ ನಾವು ‘ವಾಕ್ಯ’ ಎಂದು ಓದುವದು ಇದೇ ಗ್ರೀಕ್ ಪದವನ್ನು. ಅರ್ಥ ಮಾತ್ರ ಒಂದೇ ಅಲ್ಲ. ಹೆರಾಕ್ಲಿಟಸನಿಗೆ ಅದು ಲೋಕವನ್ನು ನಡಿಸುವ ನಿಯಮ. ಯೋಹಾನನಿಗೆ ಮನುಷ್ಯನಾಗಿ ನಮ್ಮ ಬಳಿಗೆ ಬಂದಾತನು. ಸತ್ಯವು ಎಲ್ಲರಿಗೂ ಸಾಮಾನ್ಯವೆಂದು ಕಂಡವನೇ ಅದನ್ನು ಎಲ್ಲರಿಗೂ ಎಟುಕದ ಮಾತಿನಲ್ಲಿ ಇಟ್ಟದ್ದು ಶೋಚನೀಯವಲ್ಲವೇ?

ಸಹೋದರರೇ, ಬೋಧಿಸುವವರು ಅಕ್ಷರವರಿಯದ ಮುದುಕಿಗೆ ತಿಳಿಯದಂತೆ ಪ್ರಸಂಗಮಾಡಿ ಅದನ್ನು ಪಾಂಡಿತ್ಯವೆಂದು ಎಣಿಸದಿರಲಿ. ಕೇಳುವವರು ಕಠಿಣವೆಂಬ ನೆವದಿಂದ ಕಿವಿ ಮುಚ್ಚಿಕೊಳ್ಳದೆ, ಶಿಷ್ಯರಂತೆ ಹತ್ತಿರಕ್ಕೆ ಬಂದು ಅರ್ಥವನ್ನು ಕೇಳಲಿ.