ಗೃಹಸ್ಥನು ತನ್ನ ಮನೆಯವರನ್ನು ಅಪಾಯಕ್ಕೆ ಕರೆದೊಯ್ಯಬಹುದೋ?

ಒಬ್ಬನು ತನ್ನ ಸ್ವಂತ ಪ್ರಾಣವನ್ನು ಅಪಾಯಕ್ಕೆ ಒಡ್ಡುವದು ಒಂದು ಸಂಗತಿ. ತನ್ನನ್ನು ನಂಬಿದ ಹೆಂಡತಿಮಕ್ಕಳನ್ನು ಅದೇ ಅಪಾಯದೊಳಗೆ ಕರೆದುಕೊಂಡು ಹೋಗುವದು ಬೇರೊಂದು ಸಂಗತಿ. ಮಳೆ ತಪ್ಪಿದ ವರುಷ ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ಕೂಲಿಗೆ ಹೊರಡುವ ಒಕ್ಕಲಿಗನಿಗೂ ಈ ಪ್ರಶ್ನೆ ಎದುರಾಗುವದುಂಟು. ಇದನ್ನು ವಿಚಾರಿಸುವದಕ್ಕೆ ದೂರದೇಶದ ಒಂದು ವೃತ್ತಾಂತವು ಸಹಾಯವಾಗುವದು.

ಜೋಷುವಾ ಸ್ಲೋಕಮ್ ಎಂಬ ಕಪ್ತಾನನು ಎಳೆಯ ಪ್ರಾಯದಿಂದ ಕಡಲಲ್ಲೇ ಬೆಳೆದವನು. ಅವನ ಸ್ವಂತ ಹಾಯಿಹಡಗು 1887ರ ಕಡೆಯಲ್ಲಿ ಬ್ರಜಿಲ್ ದೇಶದ ಪರನಗ್ವಾ ಕೊಲ್ಲಿಯಲ್ಲಿ ಮರಳ ದಿಣ್ಣೆಗೆ ಸಿಕ್ಕಿ ಒಡೆದುಹೋಯಿತು. ಹಡಗಿಗೆ ವಿಮೆ ಇರಲಿಲ್ಲ. ಅವನು ಒಡೆದ ಹಡಗನ್ನು ಮಾರಿ, ನಾವಿಕರ ಸಂಬಳವನ್ನು ತೀರಿಸಿ, ಬರಿಗೈಯಾಗಿ ನಿಂತನು. ಸಂಗಡ ಎರಡನೆಯ ಹೆಂಡತಿಯಾದ ಹೆನ್ರಿಯೆಟ್ಟಾ, 16 ವರುಷದ ವಿಕ್ಟರ್, 7 ವರುಷದ ಗಾರ್ಫೀಲ್ಡ್ ಇದ್ದರು. ಪರರ ಹಡಗಿನಲ್ಲಿ ಪ್ರಯಾಣಿಕರಾಗಿ ಹಿಂದಿರುಗದೆ, ತಾವೇ ಒಂದು ದೋಣಿ ಕಟ್ಟಿಕೊಂಡು ಹೋಗುವೆವೆಂದು ನಿಶ್ಚಯವಾಯಿತು. ಆ ದೇಶದ ಮರ, ಒಡೆದ ಹಡಗಿನಿಂದ ಉಳಿದ ಸಾಮಾನು, ಇವುಗಳಿಂದ 35 ಅಡಿ ಉದ್ದ, 7½ ಅಡಿ ಅಗಲದ ದೋಣಿ ಸಿದ್ಧವಾಯಿತು. ಹಿರಿಯ ಮಗನು ಬಡಗಿಯ ಕೆಲಸಕ್ಕೆ ಕೈಕೊಟ್ಟನು. ಹೆಂಡತಿ ಹಾಯಿಗಳನ್ನು ಹೊಲಿದಳು. ದೋಣಿಯು ನೀರಿಗಿಳಿದ 1888ನೇ ಮೇ 13ರಂದೇ ಬ್ರಜಿಲಿನಲ್ಲಿ ಗುಲಾಮತನವು ರದ್ದಾದ್ದರಿಂದ ಅದಕ್ಕೆ ಸ್ವಾತಂತ್ರ್ಯ ಎಂಬರ್ಥದ ‘ಲಿಬೆರ್ದಾದೆ’ ಎಂಬ ಹೆಸರಾಯಿತು.

ಜೂನ್ ತಿಂಗಳಲ್ಲಿ ಅವರು ಕರಾವಳಿ ಹಿಡಿದು ಉತ್ತರಕ್ಕೆ ಹೊರಟರು. ಸ್ವಲ್ಪ ದಿವಸದೊಳಗೆ ಬಿರುಗಾಳಿ ಬೀಸಿ ಹಾಯಿಗಳನ್ನು ಹರಿದುಹಾಕಿತು. ಒಂದು ಹೊಗೆಹಡಗು ಆ ದೋಣಿಯನ್ನು ರಿಯೋ ಪಟ್ಟಣದ ವರೆಗೆ ಎಳೆದುಕೊಂಡು ಹೋಯಿತು. ಅಲ್ಲಿಂದ ತಿರಿಗಿ ಹಾಯಿ ಏರಿಸಿ, 5,000 ಮೈಲಿಗಿಂತ ಹೆಚ್ಚು ದಾರಿಯನ್ನು ಕಳೆದು, ಅಕ್ಟೋಬರ್ ಕೊನೆಯಲ್ಲಿ ಅಮೇರಿಕದ ದಕ್ಷಿಣ ಕೆರೊಲೈನಾ ಸೀಮೆಯ ದಡವನ್ನು ಮುಟ್ಟಿದರು.

ಕ್ಷೇಮವಾಗಿ ಸೇರಿದರಲ್ಲಾ, ಆದಕಾರಣ ಅವನು ಮಾಡಿದ್ದು ಸರಿ ಎಂದು ಕೆಲವರು ಹೇಳಾರು. ಇದು ನ್ಯಾಯವಾದ ತೂಕವಲ್ಲ. ಗಾಳಿ ಮತ್ತಷ್ಟು ಬಲವಾಗಿ ಬೀಸಿದ್ದರೆ ಅದೇ ಬಾಯಿಂದ ಅವನನ್ನು ಹುಚ್ಚನೆನ್ನುತ್ತಿದ್ದೆವು. ಫಲವು ಮನುಷ್ಯನ ಕೈಯಲ್ಲಿಲ್ಲ. ಆದದರಿಂದ ಕಾರ್ಯವನ್ನು ದಡ ಬಿಟ್ಟ ಗಳಿಗೆಯಲ್ಲಿಯೇ ತೂಗಬೇಕು.

ಆ ತೂಕಕ್ಕೆ ಮೂರು ಪ್ರಶ್ನೆಗಳು ಸಾಕು. ಮೊದಲನೆಯದು, ಅವನು ಇತರರ ಋಣವನ್ನು ತೀರಿಸಿ ಹೊರಟನೋ? ಹೌದು, ನಾವಿಕರ ಕೂಲಿಯನ್ನು ಉಳಿಸಿಕೊಳ್ಳಲಿಲ್ಲ. ಎರಡನೆಯದು, ಅವನು ತಿಳಿದ ಕೆಲಸಕ್ಕೆ ಕೈಹಾಕಿದನೋ? ಹೌದು, ಕಡಲು ಅವನಿಗೆ ಒಕ್ಕಲಿಗನಿಗೆ ಹೊಲವಿದ್ದಂತೆ ಇತ್ತು. ಮೂರನೆಯದು, ಸಂಗಡ ಹೋದವರು ಮನಃಪೂರ್ವಕವಾಗಿ ಹೋದರೋ? ಇಲ್ಲಿ ಮಾತು ಕಠಿಣವಾಗುತ್ತದೆ. ಈ ಪ್ರಯಾಣದ ಪುಸ್ತಕವನ್ನು ಬರೆದವನು ಗಂಡನೇ. ಹೆಂಡತಿಯು ಕೈಯಾರೆ ಹಾಯಿ ಹೊಲಿದಳೆಂಬದು ಒಪ್ಪಿಗೆಯಂತೆ ತೋರುತ್ತದೆ. ಆದರೆ 1895ರಲ್ಲಿ ಅವನು ಮತ್ತೊಂದು ದೋಣಿಯಲ್ಲಿ ಭೂಮಿಯನ್ನು ಸುತ್ತಿಬರಲು ಹೊರಟಾಗ ಒಬ್ಬನೇ ಹೋದನು, ಆಕೆ ದಡದಲ್ಲಿ ಉಳಿದಳು. ಏಳು ವರುಷದ ಹುಡುಗನ ವಿಷಯವಾಗಿಯೋ, ಅಂಥವನು ಹೂಂ ಎಂದರೂ ಅದು ಒಪ್ಪಿಗೆಯಲ್ಲ, ತಂದೆಯ ಮೇಲಿನ ನಂಬಿಕೆ ಮಾತ್ರ.

ಹೀಗಿರಲಾಗಿ ಗೃಹಸ್ಥನು ಮನೆಯವರನ್ನು ಎಂದಿಗೂ ಅಪಾಯಕ್ಕೆ ಕರೆದೊಯ್ಯಬಾರದೆಂದು ಹೇಳುವದಿಲ್ಲ. ಯಾಕಂದರೆ ಬಡವನಿಗೆ ಕೂತಲ್ಲಿಯೂ ಅಪಾಯವುಂಟು, ಹಸಿವು ಮನೆಯೊಳಗೇ ಬರುತ್ತದೆ. ಕುಟುಂಬವು ಅಗಲದೆ ಇರುವದು ದೊಡ್ಡ ಆಸ್ತಿಯಾಗಿದೆ. ಆದರೆ ಮಾತಾಡಬಲ್ಲವರನ್ನು ಕೇಳದೆ ಹೊರಡುವದು ಅನ್ಯಾಯ. ಮಾತಾಡಲಾರದ ಎಳೆಯರ ಭಾಗವನ್ನು ತಂದೆಯು ತನ್ನ ಭಾಗಕ್ಕಿಂತ ಎರಡರಷ್ಟು ಎಚ್ಚರಿಕೆಯಿಂದ ಲೆಕ್ಕಿಸತಕ್ಕದ್ದು. ದೋಣಿಗೆ ಸ್ವಾತಂತ್ರ್ಯವೆಂದು ಹೆಸರಿಟ್ಟರೆ ಸಾಲದು; ಅದರಲ್ಲಿ ಕೂತ ಎಲ್ಲರಿಗೂ ಅದು ಸ್ವಾತಂತ್ರ್ಯವಾಗಿರಬೇಕು.

ವಾಚಕರೇ, ಗಂಟುಮೂಟೆ ಕಟ್ಟುವ ಮುಂಚಿನ ಸಾಯಂಕಾಲ ಒಲೆಯ ಬಳಿಯಲ್ಲಿ ಕೂತು ಮನೆಯವಳನ್ನು ಕೇಳಿರಿ. ಆಕೆ ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದು ಎಣಿಸದೆ ಇನ್ನೊಮ್ಮೆ ಕೇಳಿರಿ.